ಮಳೆ ಹಿಡಿದ ದಿನ ಲಾಲ್‌ಬಾಗಿನಲ್ಲಿ

ಎಲ್ಲರಿಗೂ ನಮಸ್ಕಾರ. ಬೆಳಗ್ಗೆಯಿಂದ ಜಿಟಿಜಿಟಿ ಮಳೆ, ಆದರೂ ಇಷ್ಟು ಜನ ಬಂದಿದ್ದೀರಿ, ಸಂತೋಷ.

ಬೆಂಗಳೂರಿನ ಪಕ್ಷಿವೀಕ್ಷಕರು 1970ರ ದಶಕದಿಂದ ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುತ್ತಾ ಬಂದಿದ್ದಾರೆ. ಮೋಡ ಕವಿದರೆ ಮಾತ್ರ ಹೊಸಬರು ಮನೆಯಲ್ಲೇ ಉಳಿಯುತ್ತಾರೆ. ನವೆಂಬರ್ ಬರಲಿ, ವಲಸೆ ಹಕ್ಕಿ ಬರಲಿ, ಆಮೇಲೆ ದುರ್ಬೀನು ತೆಗೆದರಾಯಿತು ಅನ್ನುತ್ತಾರೆ. ನನ್ನ ಮಾತು ಕೇಳಿ, ಆಷಾಢದ ಮಳೆಯಲ್ಲಿ ಒಮ್ಮೆ ಹೋಗಿ. ಬೇರೆ ದಿನ ಹಕ್ಕಿ ಕಾಣುತ್ತದೆ, ಹಾರಿಹೋಗುತ್ತದೆ. ಮಳೆಯಲ್ಲಿ ಅದು ಕೂತಲ್ಲೇ ಕೂತಿರುತ್ತದೆ. ಅದು ಬದುಕುವ ರೀತಿ ಆಗ ಗೊತ್ತಾಗುತ್ತದೆ.

ಕೆರೆಯ ಏರಿಯ ಮೇಲೆ ನಿಂತರೆ ಒಣಕೊಂಬೆಯ ತುದಿಯಲ್ಲಿ ಹದ್ದು ಕತ್ತು ಒಳಗೆಳೆದುಕೊಂಡು ಕೂತಿರುತ್ತದೆ. ಮುಖ ಗಾಳಿ ಬೀಸುವ ಕಡೆಗೇ ಇರುತ್ತದೆ. ಬೆನ್ನು ಕೊಟ್ಟರೆ ಗರಿ ಕೆದರಿ ನೀರು ಮೈಗಿಳಿಯುತ್ತದಲ್ಲ! ಹಕ್ಕಿಯ ಮೈ ಬಿಸಿ 40 ಡಿಗ್ರಿಯ ಆಸುಪಾಸು. ಸುಮಾರು 8 ಗ್ರಾಂ ತೂಗುವ ಸೂರಕ್ಕಿಯೂ ಆ ಬಿಸಿಯನ್ನು ಇಡೀ ದಿನ ಕಾಪಾಡಿಕೊಳ್ಳಬೇಕು. ಮಳೆ ಸ್ವಲ್ಪ ಬಿಟ್ಟಿತೋ, ಬಾಲದ ಬುಡದ ಗ್ರಂಥಿಯಿಂದ ಕೊಕ್ಕಿಗೆ ಎಣ್ಣೆ ತೆಗೆದುಕೊಂಡು ಒಂದೊಂದೇ ಗರಿಗೆ ಸವರಲು ಶುರುಮಾಡುತ್ತದೆ. ನೀರುಕಾಗೆಯದು ಬೇರೆ ದಾರಿ. ಅದರ ಹೊರಗರಿ ನೆನೆಯುತ್ತದೆ. ಮೈ ತೇಲುವುದು ಕಡಿಮೆಯಾಗಿ ಮೀನಿನ ಹಿಂದೆ ಮುಳುಗುವುದು ಸಲೀಸು. ಅದಕ್ಕೇ ಅದು ಬಿಸಿಲು ಬಂದೊಡನೆ ರೆಕ್ಕೆ ಹರವಿ ನಿಲ್ಲುವುದು.

ಇನ್ನು ಟುವ್ವಿ ಹಕ್ಕಿ. ನನಗೆ ಎಲ್ಲಕ್ಕಿಂತ ಪ್ರೀತಿಯದು ಇದೇ. ನಮ್ಮ ಬಡಾವಣೆಯ ಪಾರ್ಕಿನ ಪೊದೆಯೊಂದರಲ್ಲಿ, ಮೊಣಕಾಲೆತ್ತರದಲ್ಲಿ, ಗೂಡು ಕಟ್ಟಿತ್ತು. ಎರಡು ಹಸಿ ಎಲೆಗಳ ಅಂಚಿಗೆ ಕೊಕ್ಕಿನಿಂದ ತೂತು ಮಾಡಿ, ಹತ್ತಿಯ ಎಳೆ ತೂರಿಸಿ ಹೊಲಿದಿತ್ತು. ಎಲೆಯ ಮೇಲ್ಮೈಯೇ ಹೊರಗಡೆಗೆ. ಹನಿ ಬಿದ್ದದ್ದು ಬಿದ್ದ ಹಾಗೇ ಜಾರುತ್ತಿತ್ತು. ಅರ್ಧ ಗಂಟೆ ಕೊಡೆ ಹಿಡಿದು ದೂರದಲ್ಲಿ ನಿಂತಿದ್ದೆ. ತಾಯಿ ಹುಳ ಕಚ್ಚಿಕೊಂಡು ಬಂದಾಗಲೆಲ್ಲ ಮೊದಲು ಪಕ್ಕದ ರೆಂಬೆಯಲ್ಲಿ ಮೈ ಕೊಡವಿಕೊಂಡು ಆಮೇಲೆ ಒಳಗೆ ಹೋಗುತ್ತಿತ್ತು. ಮರುವಾರ ಹೋದರೆ ಆ ಪೊದೆಯನ್ನು ಅಂದವಾಗಲೆಂದು ಸಮತಟ್ಟಾಗಿ ಕತ್ತರಿಸಿದ್ದರು. ಹೊಲಿದ ಎಲೆಗಳು ಕಸದ ರಾಶಿಯಲ್ಲಿದ್ದವು.

ಇವತ್ತು ನಾನು ಬಂದಿರುವುದೇ ಇದನ್ನು ಹೇಳಲು. ಕುಟ್ರು ಹಕ್ಕಿ ಗೂಡು ಕೊರೆಯುವುದು ಒಣಗಿದ ಕೊಂಬೆಯಲ್ಲಿ. ಹಾಲಕ್ಕಿ ಗೂಬೆಗೆ ಹಳೇ ಮರದ ಪೊಟರೆ ಬೇಕು. ದಾರಿಯ ಮೇಲೆ ಬೀಳುವಂತಿರುವ ಕೊಂಬೆಯನ್ನು ಕಡಿಯಲೇಬೇಕು, ಅದರಲ್ಲಿ ತಕರಾರಿಲ್ಲ. ಯಾರೂ ಓಡಾಡದ ಮೂಲೆಯನ್ನೂ ಬೋಳಿಸುವುದೇಕೆ? ನಿಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ಮೂಲೆಯನ್ನು ಮಳೆಗಾಲ ಮುಗಿಯುವವರೆಗೆ ಮುಟ್ಟಬೇಡಿ ಎಂದು ಕೇಳಿ. ಮಾಲಿಯ ಜೊತೆ ಕೂತು ಗೂಡು ತೋರಿಸಿದರೆ ಅವರೇ ಕಾಯುತ್ತಾರೆ, ನಾನು ಕಂಡಿದ್ದೇನೆ.

ಹೋಗುವಾಗ ರೇನ್‌ಕೋಟಿಗಿಂತ ಕೊಡೆ ಮೇಲು, ಸರಸರ ಸದ್ದಿರುವುದಿಲ್ಲ. ಲೆನ್ಸ್ ಒರೆಸಲು ಹತ್ತಿ ಬಟ್ಟೆ ಇರಲಿ. ಮಳೆ ನಿಂತಿತೆಂದು ಗೇಟಿನ ಕಡೆ ಓಡಬೇಡಿ. ನೆಲದಿಂದ ಈಚಲುಹುಳು ಏಳುವ ಸಂಜೆಯಾದರೆ ಗೊರವಂಕ, ಕಾಗೆ, ಪಿಕಳಾರ ಎಲ್ಲಾ ಒಂದೇ ಪಂಕ್ತಿಗೆ ಬರುತ್ತವೆ. ಅಷ್ಟು ಹೊತ್ತು ಮುದುಡಿ ಕೂತಿದ್ದ ಅದೇ ಹದ್ದು ಆ ಪುಟ್ಟ ಹುಳುಗಳನ್ನು ಕಾಲಲ್ಲಿ ಹಿಡಿದು, ಹಾರುತ್ತಲೇ ಬಾಯಿಗೆ ಹಾಕಿಕೊಳ್ಳುವುದನ್ನು ನೋಡುತ್ತೀರಿ.