ಮನೆ ಸರ್ವರ್‌ಗೆ ಅಗ್ಗದ ಇಂಟರ್ನೆಟ್: ಸ್ಟ್ಯಾಟಿಕ್ ಐಪಿಗೆ ದುಡ್ಡು ಕಟ್ಟೋ ಮುಂಚೆ ಇದನ್ನ ನೋಡಿ

[ದೃಶ್ಯ: ಅಡುಗೆಮನೆಯ ಸಜ್ಜ, ರಾಗಿ ಡ್ರಮ್ಮಿನ ಪಕ್ಕ ಹಳೇ ಲ್ಯಾಪ್‌ಟಾಪ್]

ನಮಸ್ಕಾರ. ಶಿಡ್ಲಘಟ್ಟದ ನಮ್ಮ ಮನೇಲಿ ಸಜ್ಜದ ಮೇಲೆ ಕೂತಿರೋ ಈ ಲ್ಯಾಪ್‌ಟಾಪೇ ನಮ್ಮ ವೆಬ್ ಸರ್ವರ್, ಅಂದ್ರೆ ನಮ್ಮ ಸೈಟನ್ನ ಕೇಳಿದವರಿಗೆ ಕಳಿಸೋ ಯಂತ್ರ. ನಮ್ಮಜ್ಜಿ ಹಾಡಿದ ಸೋಬಾನೆ ಪದಗಳು ಇದರಲ್ಲಿವೆ. ಹುಳು ಮನೇಲಿ ಕೂತು ರೆಕಾರ್ಡ್ ಮಾಡಿದ್ದು. ಕಿವಿಗೊಟ್ಟು ಕೇಳಿ, ಹಾಡಿನ ಹಿಂದೆ ರೇಷ್ಮೆಹುಳು ಸೊಪ್ಪು ತಿನ್ನೋ ಸದ್ದು, ಜಿಟಿಜಿಟಿ ಮಳೆ ಬಂದ ಹಾಗೆ.

ಇದನ್ನ ಊರಾಚೆಯವರಿಗೂ ಕೇಳಿಸೋಕೆ ದುಬಾರಿ ಲೈನ್ ಬೇಕಾ? ಬೇಡ. ಸೆಕೆಂಡಿಗೆ 128 ಕಿಲೋಬಿಟ್ (ಕೆಬಿಪಿಎಸ್) ಹಾಡು ಅಂದ್ರೆ, ಅಪ್‌ಲೋಡ್, ಅಂದ್ರೆ ನಮ್ಮನೆಯಿಂದ ಆಚೆ ಕಳಿಸೋ ವೇಗ, ಸೆಕೆಂಡಿಗೆ 10 ಮೆಗಾಬಿಟ್ (ಎಂಬಿಪಿಎಸ್) ಇದ್ರೂ ಲೆಕ್ಕದ ಪ್ರಕಾರ ಒಂದೇ ಸಲ 70 ಜನ ಕೇಳಬಹುದು. 2020ರಲ್ಲಿ ಜಿಯೋಫೈಬರ್ 399 ರೂಪಾಯಿಗೆ 30 ಎಂಬಿಪಿಎಸ್ ಪ್ಲಾನ್ ತಂದಾಗ ಅಪ್‌ಲೋಡೂ ಅಷ್ಟೇ ಕೊಟ್ಟಿತ್ತು. ಶೇಕಡ 18 ಜಿಎಸ್‌ಟಿ ಸೇರಿ 471 ರೂಪಾಯಿ ಆಗ್ತಿತ್ತು. ಯಾರ ಹತ್ರ ಲೈನ್ ತಗೊಂಡ್ರೂ ಮೊದಲು ಅಪ್‌ಲೋಡ್ ಎಷ್ಟು ಅಂತ ಕೇಳಿ. ಜಾಹೀರಾತಲ್ಲಿ ದಪ್ಪಕ್ಷರದಲ್ಲಿ ಇರೋದು ಡೌನ್‌ಲೋಡ್. ಮನೆ ಪ್ಲಾನಲ್ಲಿ ಸರ್ವರ್ ಇಡೋಕೆ ಬಿಡ್ತಾರಾ ಅಂತ ಷರತ್ತುಗಳನ್ನೂ ಓದಿ.

ನಾನು ಸೋತಿದ್ದು ಬೇರೆ ಕಡೆ. ಎರಡು ರಾತ್ರಿ ಪೋರ್ಟ್ ಫಾರ್ವರ್ಡಿಂಗ್, ಅಂದ್ರೆ ಹೊರಗಿಂದ ಬಂದವರನ್ನ ಲ್ಯಾಪ್‌ಟಾಪಿಗೆ ಕಳಿಸು ಅಂತ ರೂಟರ್‌ಗೆ ಹೇಳೋದು, ಮಾಡ್ತಾ ಕೂತೆ. ಎಲ್ಲಾ ಸರಿ ಇತ್ತು, ಹೊರಗಿಂದ ಮಾತ್ರ ಸೈಟ್ ತೆಗೀತಾನೇ ಇರ್ಲಿಲ್ಲ. ಇಂಟರ್ನೆಟ್ ಕಂಪನಿಯವರು ಸ್ಟ್ಯಾಟಿಕ್ ಐಪಿ, ಅಂದ್ರೆ ಬದಲಾಗದ ಇಂಟರ್ನೆಟ್ ವಿಳಾಸ, ತಗೊಳ್ಳಿ ಅಂದ್ರು, ಒಂದು ವರ್ಷದ ದುಡ್ಡು ಕಟ್ಟಿದೆ. ಕಾರಣ ಏನು ಅಂತ ಯಾರೂ ಹೇಳ್ಲಿಲ್ಲ. ಅದನ್ನ ಇವತ್ತು ನಾನು ಹೇಳ್ತೀನಿ.

[ಪರದೆ: ರೂಟರ್ ಪುಟ, ವ್ಯಾನ್ ಐಪಿ ಸಾಲಿನ ಮೇಲೆ ಬೆರಳು]

ರೂಟರ್ ಪುಟದಲ್ಲಿ ವ್ಯಾನ್ ಐಪಿ ಅನ್ನೋ ಈ ಸಾಲು ನೋಡಿ, ಇದು ಕಂಪನಿ ನಮ್ಮ ರೂಟರ್‌ಗೆ ಕೊಟ್ಟಿರೋ ವಿಳಾಸ. ಇಲ್ಲಿರೋ ನಂಬರ್ 100.64ರಿಂದ 100.127ರ ಒಳಗೆ ಶುರುವಾದ್ರೆ, ನೀವಿರೋದು ಸಿಜಿನ್ಯಾಟ್ ಹಿಂದೆ, ಅಂದ್ರೆ ಒಂದೇ ಹೊರಗಿನ ವಿಳಾಸವನ್ನ ಕಂಪನಿ ಎಷ್ಟೋ ಮನೆಗಳಿಗೆ ಹಂಚಿರುತ್ತೆ. ಕೆಲವು ಕಡೆ 10ರಿಂದ ಶುರುವಾಗೋ ನಂಬರ್ ಇರುತ್ತೆ, ಅದೂ ಇದೇ ಕಥೆ. ಐಪಿವಿ4 ಅನ್ನೋ ಹಳೇ ಪದ್ಧತಿಯ ಇಂಟರ್ನೆಟ್ ವಿಳಾಸಗಳು ಜಗತ್ತಿಗೆಲ್ಲಾ ಸೇರಿ ಸುಮಾರು 429 ಕೋಟಿ. ಹಂಚೋ ಸಂಸ್ಥೆಯ ದಾಸ್ತಾನು 2011ರಲ್ಲೇ ಖಾಲಿ. ಅದಕ್ಕೇ ಕಂಪನಿಗಳು ವಠಾರದ ಲೆಕ್ಕ ಹಿಡಿದವು: ಬೀದಿಗೆ ಒಂದೇ ಗೇಟು, ಒಳಗೆ ನೂರಾರು ಮನೆ. ನೀವು ಆಚೆ ಹೋಗಿ ಬರಬಹುದು. ಆಚೆಯವರು ಬಂದು ಗೇಟು ತಟ್ಟಿದ್ರೆ ಯಾವ ಮನೆಗೆ ಅಂತ ಗೇಟಿಗೇ ಗೊತ್ತಿಲ್ಲ.

ಹಾಗಿದ್ರೆ ಒಳಗಿಂದಲೇ ದಾರಿ ತೆಗೀಬೇಕು. ಅದೇ ಟನಲ್. ಕ್ಲೌಡ್‌ಫ್ಲೇರ್ ಅನ್ನೋ ಕಂಪನಿಯ ಟನಲ್ ಪುಕ್ಕಟೆ. ನಮ್ಮ ಲ್ಯಾಪ್‌ಟಾಪಲ್ಲಿರೋ ಚಿಕ್ಕ ಪ್ರೋಗ್ರಾಂ ತಾನೇ ಅವರ ಸರ್ವರ್‌ಗೆ ಸಂಪರ್ಕ ಮಾಡಿ, ಅದನ್ನ ಹಾಗೇ ಹಿಡಿದಿರುತ್ತೆ. ಕೇಳುಗರು ಅವರ ಹತ್ರ ಬರ್ತಾರೆ, ಅದೇ ದಾರೀಲಿ ನಮ್ಮನೆಗೆ ತಲುಪ್ತಾರೆ. ರೂಟರ್‌ನಲ್ಲಿ ಪೋರ್ಟ್ ತೆರೆಯೋ ಗೋಜೇ ಇಲ್ಲ. ಖರ್ಚು ಅಂದ್ರೆ ಡೊಮೇನ್ ಹೆಸರಿಗೆ, ಅಂದ್ರೆ ಜನ ಟೈಪ್ ಮಾಡೋ ಸೈಟಿನ ಹೆಸರಿಗೆ, ವರ್ಷಕ್ಕೊಂದು ಸಲ. ಅದೂ ಬೇಡ ಅನ್ನೋರಿಗೆ ಟೈಲ್‌ಸ್ಕೇಲ್ ಫನಲ್ ಅನ್ನೋ ಇಂಥದ್ದೇ ಇನ್ನೊಂದು ದಾರಿ ಇದೆ. ಒಂದು ಮಾತು: ಕ್ಲೌಡ್‌ಫ್ಲೇರ್ ದಾರೀಲಿ ಎಲ್ಲಾ ಅವರ ಕಣ್ಣ ಮುಂದೆ ಹಾದು ಹೋಗುತ್ತೆ. ಸೋಬಾನೆ ಪದಕ್ಕೆ ತೊಂದರೆ ಇಲ್ಲ, ಮನೆ ಕಾಗದಪತ್ರ ಮಾತ್ರ ಅದರಲ್ಲಿ ಇಡಬೇಡಿ.

ಐಪಿವಿ6, ಅಂದ್ರೆ ಹೊಸ ಪದ್ಧತಿಯ ವಿಳಾಸ, ಇದ್ರೆ ನೇರವಾಗಿಯೂ ತಲುಪಬಹುದು, ಆದ್ರೆ ಆ ಕಡೆಯವರಿಗೂ ಐಪಿವಿ6 ಇರಬೇಕು.

ಇನ್ನು ಕರೆಂಟು. 15 ವ್ಯಾಟಿನ ಲ್ಯಾಪ್‌ಟಾಪ್ ತಿಂಗಳಿಗೆ ತಿನ್ನೋದು 11 ಯೂನಿಟ್ಟು. ಲೈಟ್ ಹೋದಾಗ ಅದಕ್ಕೆ ಬ್ಯಾಟರಿ ಇದೆ, ಫೈಬರ್ ಬಾಕ್ಸಿಗೆ ಇಲ್ಲ. ಅದಕ್ಕೊಂದು ಮಿನಿ ಯುಪಿಎಸ್ ಹಾಕಿ. ಅಂಗಡಿಗೆ ಹೋಗೋ ಮುಂಚೆ ಆ ಬಾಕ್ಸಿನ ಅಡಾಪ್ಟರ್ ತಿರುಗಿಸಿ, ಎಷ್ಟು ವೋಲ್ಟು, ಎಷ್ಟು ಆಂಪಿಯರ್ ಅಂತ ಬರ್ಕೊಂಡು ಹೋಗಿ.