ಕಣ್ಣು ಕುಣಿಸಿದ ಪೋಸ್ಟರ್‌ಗಳು

ಕೇಳುಗರಿಗೆ ನಮಸ್ಕಾರ. ಬಣ್ಣದ ವಿಚಾರವನ್ನು ರೇಡಿಯೊದಲ್ಲಿ ಮಾತಾಡುವುದು ಸ್ವಲ್ಪ ತಮಾಷೆಯೇ. ಆದರೂ ಅಮೆರಿಕದ ಪೋಸ್ಟರ್ ಕಲಾವಿದ ವಿಕ್ಟರ್ ಮೊಸ್ಕೊಸೊ ಬಗ್ಗೆ ಹೇಳಬೇಕೆಂದರೆ ಬಣ್ಣದಿಂದಲೇ ಶುರು ಮಾಡಬೇಕು.

ಅವರದು ಸೈಕೆಡೆಲಿಕ್ ಶೈಲಿ, ಅಂದರೆ ಭ್ರಮೆ ಹುಟ್ಟಿಸುವಂಥ ಗಾಢ ಬಣ್ಣ, ಬಳುಕುವ ಆಕಾರಗಳ ಚಿತ್ರ. ಆ ಹೆಸರು ಕೇಳಿದ ಕೂಡಲೇ ಎಷ್ಟೋ ಜನ ನಶೆಯಲ್ಲಿ ಗೀಚಿದ್ದು ಅಂದುಕೊಳ್ಳುತ್ತಾರೆ. ಮೊಸ್ಕೊಸೊ ವಿಷಯದಲ್ಲಿ ಆ ಮಾತು ನಡೆಯುವುದಿಲ್ಲ. ಅವರದು ಪಕ್ಕಾ ಲೆಕ್ಕಾಚಾರ.

ಹುಟ್ಟಿದ್ದು 1936ರಲ್ಲಿ, ಸ್ಪೇನ್‌ನ ಗಲೀಸಿಯಾದಲ್ಲಿ. ಬೆಳೆದದ್ದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಅಲ್ಲಿನ ಕೂಪರ್ ಯೂನಿಯನ್ ಕಾಲೇಜಿನಲ್ಲಿ ಕಲಿತು ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಗುರುವಾಗಿ ಸಿಕ್ಕಿದವರು ಚಿತ್ರಕಲಾವಿದ ಜೋಸೆಫ್ ಆಲ್ಬರ್ಸ್. ಒಂದು ಬಣ್ಣದ ಪಕ್ಕ ಇನ್ನೊಂದನ್ನು ಇಟ್ಟರೆ ಎರಡೂ ಹೇಗೆ ಬದಲಾಗಿ ಕಾಣುತ್ತವೆ ಅನ್ನುವುದನ್ನೇ ಜೀವನವಿಡೀ ಹುಡುಕಿದ ಮನುಷ್ಯ.

1959ರಲ್ಲಿ ಮೊಸ್ಕೊಸೊ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದರು. ಅಲ್ಲಿ ಮತ್ತೆ ಓದಿ, ಕಲಾಶಾಲೆಯಲ್ಲಿ ಪಾಠವನ್ನೂ ಹೇಳಿದರು. 1966ರ ಹೊತ್ತಿಗೆ ಊರಿನ ಗೋಡೆಗಳ ಮೇಲೆಲ್ಲ ರಾಕ್ ಸಂಗೀತದ ಪೋಸ್ಟರ್‌ಗಳು. ಪೋಸ್ಟರ್ ಕಲಾವಿದ ವೆಸ್ ವಿಲ್ಸನ್ ಬರೆದ ಅಕ್ಷರಗಳು ಬೆಂಕಿಯ ನಾಲಿಗೆಯಂತೆ ಬಳುಕುತ್ತಿದ್ದವು. ಮೊಸ್ಕೊಸೊ ತಾವೂ ಕೈ ಹಾಕಿದರು, ಮೊದಮೊದಲು ಸರಿಬರಲಿಲ್ಲ. ಯಾಕೆಂದರೆ ಕಾಲೇಜಿನಲ್ಲಿ ಕಲಿತದ್ದು ಅಡ್ಡ ಬರುತ್ತಿತ್ತು. ಅಕ್ಷರ ಸ್ಪಷ್ಟವಾಗಿರಬೇಕು, ಕಣ್ಣು ಕುಕ್ಕುವ ಬಣ್ಣ ಬೇಡ, ದಾರಿಹೋಕ ಒಂದೇ ನೋಟಕ್ಕೆ ಓದುವಂತಿರಬೇಕು. ಕೊನೆಗೆ ಆ ನಿಯಮಗಳನ್ನೆಲ್ಲ ಒಂದೊಂದಾಗಿ ತಿರುವಿ ಹಾಕಿದರು. ಓದುವುದಕ್ಕೆ ಜಾಸ್ತಿ ಹೊತ್ತು ಹಿಡಿಯಲಿ, ಜನ ನಿಂತು ನೋಡಲಿ ಅಂತ.

ಗುಟ್ಟು ಇಷ್ಟೇ. ಅಚ್ಚ ಕೆಂಪಿನ ಮೇಲೆ ಅಷ್ಟೇ ಹೊಳಪಿನ ನೀಲಿ ಅಥವಾ ಹಸಿರು ಅಕ್ಷರ ಬರೆಯಿರಿ. ನಮ್ಮ ಕಣ್ಣು ಅಂಚನ್ನು ಗುರುತಿಸುವುದು ಹೆಚ್ಚಾಗಿ ಹೊಳಪಿನ ವ್ಯತ್ಯಾಸದಿಂದ. ಅದೇ ಇಲ್ಲದಾಗ ಅಂಚು ನಿಲ್ಲುವುದಿಲ್ಲ, ಅಕ್ಷರಗಳು ಅದುರಿದಂತೆ ಕಾಣುತ್ತವೆ. ಇದು ಆಲ್ಬರ್ಸ್ ಪಾಠವೇ ಅಲ್ವಾ?

ಮೊಸ್ಕೊಸೊ ವ್ಯವಹಾರದಲ್ಲೂ ಚುರುಕು. ಮ್ಯಾಟ್ರಿಕ್ಸ್ ಎಂಬ ಸಂಗೀತದ ಕ್ಲಬ್ಬಿಗೆ ಪೋಸ್ಟರ್ ಮಾಡುವಾಗ ‘ನಿಯಾನ್ ರೋಸ್’ ಹೆಸರಿನಲ್ಲಿ ತಾವೇ ಅಚ್ಚು ಹಾಕಿಸಿ, ತಾವೇ ಮಾರಿದರು. ಆ ಸಾಲಿನಲ್ಲಿ ನನಗೆ ತುಂಬಾ ಹಿಡಿಸುವುದು ಚೇಂಬರ್ಸ್ ಬ್ರದರ್ಸ್ ಎಂಬ ವಾದ್ಯವೃಂದದ 1967ರ ಪೋಸ್ಟರ್. ಕಪ್ಪು ಕನ್ನಡಕ ಹಾಕಿದ ಹೆಂಗಸಿನ ಮುಖ, ಕಾರ್ಯಕ್ರಮದ ವಿವರವೆಲ್ಲ ಆ ಕನ್ನಡಕದ ಗಾಜಿನೊಳಗೆ!

ಪೋಸ್ಟರ್‌ಗಳ ಕಾಲ ಬೇಗ ಮುಗಿಯಿತು. 1968ರಲ್ಲಿ ಮೊಸ್ಕೊಸೊ ವ್ಯಂಗ್ಯಚಿತ್ರಕಾರ ರಾಬರ್ಟ್ ಕ್ರಂಬ್ ಜೊತೆ ಸೇರಿ ‘ಜ್ಯಾಪ್’ ಕಾಮಿಕ್ಸ್‌ಗೆ ಚಿತ್ರ ಬರೆದರು. 1973ರಲ್ಲಿ ಜಾಝ್ ಸಂಗೀತಗಾರ ಹರ್ಬಿ ಹ್ಯಾನ್‌ಕಾಕ್ ಅವರ ‘ಹೆಡ್ ಹಂಟರ್ಸ್’ ರೆಕಾರ್ಡಿಗೆ ಮುಖವಾಡದ ಚಿತ್ರವಿರುವ ಹೊದಿಕೆ ಮಾಡಿಕೊಟ್ಟರು.

ಇನ್ನೊಂದು ಕೆಲಸ ಹೇಳದೆ ಮುಗಿಸಲಾರೆ. ಎಡಿಸನ್ ಕಾಲದ ಮೂಕಿ ಚಿತ್ರದಿಂದ ಕುಣಿಯುವ ಹೆಂಗಸಿನ ಭಂಗಿಗಳನ್ನು ತೆಗೆದು, ಬೇರೆ ಬೇರೆ ಬಣ್ಣದಲ್ಲಿ ಒಂದರ ಮೇಲೊಂದು ಅಚ್ಚು ಹಾಕಿದರು. ಸಾಮಾನ್ಯ ಬೆಳಕಿನಲ್ಲಿ ಅದು ಬರೀ ಗೋಜಲು. ಕೆಂಪು ದೀಪ, ನೀಲಿ ದೀಪ ಒಂದಾದ ಮೇಲೊಂದು ಹತ್ತಿ ಆರಿದರೆ ಒಮ್ಮೆ ಈ ಭಂಗಿ ಮಾಯ, ಒಮ್ಮೆ ಆ ಭಂಗಿ ಮಾಯ. ಹೆಂಗಸು ರೆಕ್ಕೆ ಬಡಿದಂತೆ ಕುಣಿಯುತ್ತಾಳೆ. ಮೊಬೈಲಿನಲ್ಲಿ ಸುಮ್ನೆ ಚಿತ್ರ ನೋಡಿದರೆ ಈ ಕುಣಿತ ಕಾಣುವುದಿಲ್ಲ. ಅದಕ್ಕೆ ಆ ಕಾಗದ, ಆ ಶಾಯಿ, ಮಿಣುಕುವ ಆ ಎರಡು ದೀಪಗಳೇ ಬೇಕು.