ಹಳ್ಳಿ ಅಂಚೆ ಕಚೇರಿ ಉಳಿಯಬೇಕಾದರೆ ಸಂಸದರಿಗೆ ಏನು ಬರೆಯಬೇಕು?

[ದೃಶ್ಯ: ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಮುಂದಿನ ಚಿಕ್ಕ ಕೋಣೆ. ಬಾಗಿಲ ಪಕ್ಕದಲ್ಲಿ ಕೆಂಪು ಡಬ್ಬಿ.]

ನಮಸ್ಕಾರ. ಇದು ಒಂದು ಬ್ರಾಂಚ್ ಪೋಸ್ಟ್ ಆಫೀಸು. ಒಂದು ಮೇಜು, ತಕ್ಕಡಿ, ಮೊಹರು, ಶಾಯಿ ಪ್ಯಾಡು, ಒಂದು ಮೊಬೈಲು, ಬೆರಳ ಗುರುತು ಓದುವ ಯಂತ್ರ. ನೋಡಿದವರು ಇದು ಸರ್ಕಾರದ ಕಟ್ಟಡ ಅಂದುಕೊಳ್ಳಬಹುದು. ಅಲ್ಲ. ಬ್ರಾಂಚ್ ಪೋಸ್ಟ್‌ಮಾಸ್ಟರ್ ಆಗಿ ಸೇರುವವರು ಅಂಚೆ ಕಚೇರಿಗೆ ಜಾಗವನ್ನೂ ತಾವೇ ಒದಗಿಸಬೇಕು ಅನ್ನುವುದು ನಿಯಮ. ಹಾಗಾಗಿ ಎಷ್ಟೋ ಊರುಗಳಲ್ಲಿ ಅಂಚೆ ಕಚೇರಿ ಅಂದರೆ ಪೋಸ್ಟ್‌ಮಾಸ್ಟರ್ ಮನೆಯ ಜಗುಲಿ, ಇಲ್ಲವೇ ಮುಂದಿನ ಕೋಣೆ.

[ದೃಶ್ಯ: ಮೇಜಿನ ಮುಂದೆ ವಯಸ್ಸಾದ ಹೆಂಗಸು. ಎದುರಿಗೆ ಯುವತಿ ಪೋಸ್ಟ್‌ಮಾಸ್ಟರ್. ಮರುಸೃಷ್ಟಿ.]

ಪೋಸ್ಟ್‌ಮಾಸ್ಟರ್: ಅಜ್ಜಿ, ಬೆರಳು ಒರೆಸ್ಕೊಂಡು ಇನ್ನೊಂದ್ಸಲ ಇಡಿ.

ಅಜ್ಜಿ: ಇಟ್ಟೆ ಕಣಮ್ಮ. ಬಿಸಿನೀರಲ್ಲಿ ಕೈ ಆಡ್ಸಿ ಆಡ್ಸಿ ಗೆರೆನೇ ಉಳಿದಿಲ್ಲ, ಅದಕ್ಕೇನು ಕಾಣ್ಸುತ್ತೆ?

ಪೋಸ್ಟ್‌ಮಾಸ್ಟರ್: ಎಡಗೈ ಕೊಡಿ. ಹೆಬ್ಬೆರಳು. ಒತ್ತಿ ಹಿಡೀರಿ... ಹಾಂ, ತಗೊಂತು.

[ನಿರೂಪಕಿ ಕ್ಯಾಮೆರಾ ಮುಂದೆ]

ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿದವರ ಕೈ ಹೀಗೇ ಇರುತ್ತೆ. ಗೂಡು ಬೇಯುವ ಬಿಸಿನೀರಲ್ಲಿ ಇಪ್ಪತ್ತು ಮೂವತ್ತು ವರ್ಷ ಬೆರಳಾಡಿಸಿದರೆ ಚರ್ಮ ಸವೆದು ಹೋಗುತ್ತೆ. ಪೇಟೆಯಲ್ಲಿ ಯಂತ್ರ ಒಮ್ಮೆ ಒಪ್ಪಲಿಲ್ಲ ಅಂದರೆ "ನಾಳೆ ಬನ್ನಿ" ಅಂದುಬಿಡ್ತಾರೆ. ಇಲ್ಲಿ ಹತ್ತೂ ಬೆರಳು ಇಟ್ಟು ನೋಡುವವರೆಗೆ ಒಬ್ಬರು ಕಾಯ್ತಾರೆ, ಯಾಕಂದರೆ ಅವರಿಗೆ ಈ ಅಜ್ಜಿ ಗೊತ್ತು, ಅಜ್ಜಿಯ ಮನೆಯೂ ಗೊತ್ತು.

ಈ ಯುವತಿ ಸರ್ಕಾರಿ ನೌಕರಳಾ? ಇವತ್ತಿನ ವಿಡಿಯೋ ಶುರುವಾಗೋದೇ ಈ ಪ್ರಶ್ನೆಯಿಂದ.

[ತೆರೆಯ ಮೇಲೆ: ಗ್ರಾಮೀಣ ಡಾಕ್ ಸೇವಕ್ – ಜಿಡಿಎಸ್]

ದೇಶದಲ್ಲಿ ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಗಳಲ್ಲೇ ಇವೆ. ಅವನ್ನು ನಡೆಸೋದು ಈ ಯುವತಿಯಂಥ ಸುಮಾರು ಎರಡೂವರೆ ಲಕ್ಷ ಜಿಡಿಎಸ್‌ಗಳು, ಅಂದರೆ ಗ್ರಾಮೀಣ ಡಾಕ್ ಸೇವಕರು. ಇವರಿಗೆ ಸಂಬಳ ಅಂತ ಹೆಸರಿಟ್ಟ ಹಣ ಇಲ್ಲ, ಟಿಆರ್‌ಸಿಎ ಅನ್ನುವ ಭತ್ಯೆ. ಕೆಲಸ ಅಳೆದು ನಾಲ್ಕು ಗಂಟೆ ಇಲ್ಲವೇ ಐದು ಗಂಟೆ ಅಂತ ಗೊತ್ತು ಮಾಡ್ತಾರೆ. 2018ರ ಜುಲೈನಿಂದ ಬ್ರಾಂಚ್ ಪೋಸ್ಟ್‌ಮಾಸ್ಟರ್‌ಗೆ ನಾಲ್ಕು ಗಂಟೆಗೆ ಆರಂಭದ ಮೊತ್ತ ತಿಂಗಳಿಗೆ 12,000 ರೂಪಾಯಿ, ಐದು ಗಂಟೆಗೆ 14,500. ಬಟವಾಡೆ ಮಾಡುವ ಅಸಿಸ್ಟೆಂಟ್‌ಗಳಿಗೆ 10,000 ಮತ್ತು 12,000. ಅದರ ಮೇಲೆ ತುಟ್ಟಿಭತ್ಯೆ. 65 ವರ್ಷಕ್ಕೆ ನಿವೃತ್ತಿ. ಕಾಯಂ ನೌಕರರಿಗೆ ಇರುವಂಥ ಪಿಂಚಣಿ ಇಲ್ಲ.

ಇನ್ನೊಂದು ನಿಯಮ ಕೇಳಿ. ಜಿಡಿಎಸ್ ಆಗುವವರಿಗೆ ಜೀವನಕ್ಕೆ ಬೇರೆ ಆದಾಯ ಇರಬೇಕು. ಹಿಂದೆ ಊರಿನ ಮೇಷ್ಟ್ರೋ ಜಮೀನಿದ್ದವರೋ ಬಿಡುವಿನ ಹೊತ್ತಲ್ಲಿ ಟಪಾಲು ನೋಡಿಕೊಳ್ಳುತ್ತಿದ್ದ ಕಾಲದ ಲೆಕ್ಕಾಚಾರ ಅದು. ಈಗ ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಆನ್‌ಲೈನ್ ಆಯ್ಕೆ ನಡೆಯುತ್ತೆ. ಬರೋರು ಇಪ್ಪತ್ತು ಇಪ್ಪತ್ತೈದರ ಹುಡುಗ ಹುಡುಗಿಯರು, ಎಷ್ಟೋ ಸಲ ಬೇರೆ ಜಿಲ್ಲೆಯವರು. ಅವರಿಗೆ ಬೇರೆ ಆದಾಯ ಎಲ್ಲಿಂದ ಬರಬೇಕು? ಉಳಿತಾಯ ಖಾತೆ, ಸುಕನ್ಯಾ ಸಮೃದ್ಧಿ, ವಿಮೆ, ಪೇಮೆಂಟ್ಸ್ ಬ್ಯಾಂಕು, ಆಧಾರ್ ಹಣ ವಿತರಣೆ, ಎಲ್ಲದಕ್ಕೂ ಗುರಿ ಕೊಟ್ಟು ಮಾಡಿಸುವ ಕೆಲಸವನ್ನು ಬಿಡುವಿನ ಕೆಲಸ ಅಂತ ಲೆಕ್ಕ ಹಾಕೋದು ಅನ್ಯಾಯ. ಇದನ್ನು ನಾನು ಮುಚ್ಚುಮರೆ ಇಲ್ಲದೆ ಹೇಳ್ತೀನಿ.

[ತೆರೆಯ ಮೇಲೆ: 1977 – ಸುಪ್ರೀಂ ಕೋರ್ಟ್]

1977ರಲ್ಲಿ, ಪಿ.ಕೆ. ರಾಜಮ್ಮ ಪ್ರಕರಣದಲ್ಲಿ, ಇಂಥ ನೌಕರರು ಹೊಂದಿರುವುದು ಸಿವಿಲ್ ಹುದ್ದೆಯೇ, ವಿಚಾರಣೆ ನಡೆಸದೆ ಅವರನ್ನು ತೆಗೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಕೆಲಸದ ಭದ್ರತೆಗೆ ಅದೇ ಇವತ್ತಿಗೂ ಆಧಾರ. ಸಂಬಳದ ವಿಷಯಕ್ಕೆ ಬಂದರೆ ಮಾತ್ರ ಬಾಗಿಲು ಮುಚ್ಚಿದೆ. ಹುದ್ದೆ ಸಿವಿಲ್ ಆದರೂ ಇವರು ಕಾಯಂ ಸಿವಿಲ್ ಸೇವೆಯ ಹೊರಗಿನವರು, ಕಾಯಂ ನೌಕರರ ಸಮಾನತೆ ಕೇಳುವಂತಿಲ್ಲ ಅಂತ 7ನೇ ವೇತನ ಆಯೋಗ ಬರೆಯಿತು. ಹಾಗಾಗಿ ಇವರಿಗೆ ಪ್ರತಿ ಸಲ ಬೇರೆ ಸಮಿತಿ. ತಲ್ವಾರ್ ಸಮಿತಿ, ನಟರಾಜ ಮೂರ್ತಿ ಸಮಿತಿ, ಕಮಲೇಶ್ ಚಂದ್ರ ಸಮಿತಿ. ಕಮಲೇಶ್ ಚಂದ್ರ ವರದಿ ಕೊಟ್ಟಿದ್ದು 2016ರ ನವೆಂಬರ್‌ನಲ್ಲಿ. ಸಂಪುಟ ಒಪ್ಪಿದ್ದು 2018ರ ಜೂನ್ 6ಕ್ಕೆ, ಅದೂ ದೇಶದ ಜಿಡಿಎಸ್‌ಗಳು ಎರಡು ವಾರ ಕೆಲಸ ನಿಲ್ಲಿಸಿದ ಮೇಲೆ. ಈಗ 8ನೇ ವೇತನ ಆಯೋಗ ಕೆಲಸ ಶುರು ಮಾಡಿದೆ. ನಮ್ಮನ್ನೂ ಅದರೊಳಗೆ ಸೇರಿಸಿ ಅನ್ನೋದು ಸಂಘಗಳ ಬೇಡಿಕೆ.

[ದೃಶ್ಯ: ಸಂಸತ್ ಭವನ. ತೆರೆಯ ಮೇಲೆ: ಡಿಸೆಂಬರ್ 2023]

2023ರ ಡಿಸೆಂಬರ್ ತಿಂಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 4ನೇ ತಾರೀಕು ರಾಜ್ಯಸಭೆಯಲ್ಲಿ ಅಂಚೆ ಕಚೇರಿ ಮಸೂದೆ ಪಾಸಾಯಿತು. 12ನೇ ತಾರೀಕು ಜಿಡಿಎಸ್‌ಗಳು ಮುಷ್ಕರಕ್ಕಿಳಿದರು. 18ನೇ ತಾರೀಕು, ಗದ್ದಲದ ನಡುವೆ, ಲೋಕಸಭೆ ಧ್ವನಿಮತದಿಂದ ಅದೇ ಮಸೂದೆಯನ್ನು ಒಪ್ಪಿತು. 125 ವರ್ಷ ಹಳೆಯ 1898ರ ಕಾಯ್ದೆ ಹೋಗಿ ಹೊಸ ಕಾಯ್ದೆ ಬಂತು, 2024ರ ಜೂನ್ 18ರಿಂದ ಜಾರಿಯಾಯಿತು. ಅಂಚೆಯ ಭವಿಷ್ಯ ದೆಹಲಿಯಲ್ಲಿ ತೀರ್ಮಾನ ಆಗುತ್ತಿದ್ದ ದಿನಗಳಲ್ಲೇ ಅಂಚೆ ಹಂಚುವವರು ಬೀದಿಗಿಳಿದರು. ಮುಷ್ಕರದಿಂದ ಏನೂ ಸಿಗಲಿಲ್ಲ ಅಂತಲ್ಲ. 2024ರ ಮಾರ್ಚ್‌ನಲ್ಲಿ 12, 24, 36 ವರ್ಷ ಸೇವೆಗೆ ಬಡ್ತಿ ಹಣ ಘೋಷಣೆಯಾಯಿತು: ವರ್ಷಕ್ಕೆ 4,320, 5,520, 7,200 ರೂಪಾಯಿ. ತಿಂಗಳಿಗಲ್ಲ, ವರ್ಷಕ್ಕೆ. ಹನ್ನೆರಡು ವರ್ಷ ದುಡಿದವರಿಗೆ ತಿಂಗಳಿಗೆ 360 ರೂಪಾಯಿ ಬಿತ್ತು.

ಹೊಸ ಕಾಯ್ದೆಯಲ್ಲಿ ಏನು ಬದಲಾಯಿತು? ಕಾಗದ ಸಾಗಿಸುವ ಹಕ್ಕು ಸರ್ಕಾರಕ್ಕೆ ಮಾತ್ರ ಅನ್ನುವ ಹಳೆಯ ಕಲಂ ಹೋಯಿತು. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಕ್ಕೆ ಟಪಾಲನ್ನು ತಡೆದು ನೋಡುವ ಅಧಿಕಾರ 9ನೇ ಕಲಂನಲ್ಲಿ ಇನ್ನಷ್ಟು ವಿಸ್ತಾರವಾಗಿ ಬಂತು. ಇಂಥದೇ ಅಧಿಕಾರ ಕೊಡುವ 1986ರ ತಿದ್ದುಪಡಿ ಮಸೂದೆಗೆ ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಸಹಿಯನ್ನೂ ಹಾಕಲಿಲ್ಲ, ಹಿಂದಕ್ಕೂ ಕಳಿಸಲಿಲ್ಲ. ಅದು ಕಾಯ್ದೆ ಆಗಲೇ ಇಲ್ಲ. ಟಪಾಲು ತಡೆದು ನೋಡೋದು ಖಾಸಗಿತನದ ದೊಡ್ಡ ವಿಷಯ, ಅದಕ್ಕೆ ಬೇರೆ ವಿಡಿಯೋ ಮಾಡ್ತೀವಿ.

ಇವತ್ತು ನನಗೆ ಮುಖ್ಯ, ಆ ಕಾಯ್ದೆಯಲ್ಲಿ ಇಲ್ಲದ ಮಾತು. ಹಳ್ಳಿಗೆ ಇಷ್ಟು ದೂರದೊಳಗೆ ಅಂಚೆ ಕಚೇರಿ ಇರಲೇಬೇಕು, ವಾರಕ್ಕೆ ಇಷ್ಟು ದಿನ ಬಟವಾಡೆ ಆಗಲೇಬೇಕು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಯಾವ ಸೇವೆ ಕೊಡಬೇಕು ಅನ್ನೋದನ್ನು ನಿಯಮಗಳಿಗೆ ಬಿಟ್ಟಿದ್ದಾರೆ. ಹತ್ತಿರದ ಅಂಚೆ ಕಚೇರಿಯಿಂದ ಮೂರು ಕಿಲೋಮೀಟರ್ ದೂರ ಇದ್ದರೆ ಹೊಸದು ತೆರೆಯಬಹುದು ಅನ್ನುವ ಲೆಕ್ಕ ಇದೆಯಲ್ಲ, ಅದು ಇಲಾಖೆಯ ಮಾನದಂಡ. ಇಲಾಖೆ ಮಾಡಿದ್ದನ್ನು ಇಲಾಖೆಯೇ ಬದಲಿಸಬಹುದು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದರು. ಕೋರ್ಟ್ ನೋಟಿಸಿನಿಂದ ಜಮೀನು ತಕರಾರಿನವರೆಗೆ ತಲೆಮಾರುಗಳು ನೆಚ್ಚಿಕೊಂಡಿದ್ದ ಸೇವೆ. ಅದನ್ನು ಬದಲಿಸೋಕೆ ಸಂಸತ್ತಿನಲ್ಲಿ ಯಾರೂ ಕೈ ಎತ್ತಬೇಕಾಗಲಿಲ್ಲ, ಇಲಾಖೆಯ ಆದೇಶವೇ ಸಾಕಾಯಿತು.

[ತೆರೆಯ ಮೇಲೆ: ಅಮೆರಿಕ, ಡೆನ್ಮಾರ್ಕ್]

ಕಾಯ್ದೆಯಲ್ಲಿ ಬರೆದರೆ ಏನಾಗುತ್ತೆ, ಅಳಿಸಿದರೆ ಏನಾಗುತ್ತೆ? ಎರಡಕ್ಕೂ ಹೊರದೇಶದಲ್ಲಿ ಉದಾಹರಣೆ ಇದೆ. ಅಮೆರಿಕದಲ್ಲಿ 1970ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಿಂದ ಶುರುವಾದ ಅಂಚೆ ಮುಷ್ಕರ ದೇಶಕ್ಕೆಲ್ಲ ಹಬ್ಬಿತು. ಅದೇ ವರ್ಷ ಬಂದ ಕಾಯ್ದೆ ಸಂಬಳದ ಬಗ್ಗೆ ಮಾತುಕತೆ ನಡೆಸುವ ಹಕ್ಕನ್ನು ಅಲ್ಲಿನ ಸಂಘಗಳಿಗೆ ಕೊಟ್ಟಿತು. ಆಮೇಲೆ ಆ ಸಂಘಗಳು ಹಿಡಿದ ದಾರಿ, ಪ್ರತಿ ಕ್ಷೇತ್ರದಿಂದ ತಮ್ಮ ಜನಪ್ರತಿನಿಧಿಗೆ ಪತ್ರ, ಫೋನು, ಭೇಟಿ, ವರ್ಷಗಟ್ಟಲೆ. 2022ರ ಏಪ್ರಿಲ್‌ನಲ್ಲಿ ಬಂದ ಸುಧಾರಣಾ ಕಾಯ್ದೆ ವಾರಕ್ಕೆ ಕನಿಷ್ಠ ಆರು ದಿನ ಬಟವಾಡೆ ಅಂತ ಕಾನೂನಿನಲ್ಲೇ ಬರೆಯಿತು. ಕೆಳಮನೆಯಲ್ಲಿ 342 ಮತ ಪರ, 92 ವಿರೋಧ. ಅಷ್ಟು ಜಗಳಾಡುವ ಎರಡು ಪಕ್ಷಗಳೂ ಇದಕ್ಕೆ ಸೇರಿ ಮತ ಹಾಕಿದವು.

ಡೆನ್ಮಾರ್ಕ್ ಎದುರು ದಿಕ್ಕಿಗೆ ಹೋಯಿತು. ಎಲ್ಲರ ಮನೆಗೂ ಕಾಗದ ತಲುಪಿಸುವ ಬಾಧ್ಯತೆಯನ್ನು 2024ರ ಆರಂಭದಲ್ಲಿ ಕಾನೂನಿನಿಂದ ತೆಗೆದರು. 2025 ಮುಗಿಯುವಷ್ಟರಲ್ಲಿ ಅಲ್ಲಿನ ಅಂಚೆ ಸಂಸ್ಥೆ ಕಾಗದ ಹಂಚುವುದನ್ನೇ ನಿಲ್ಲಿಸಿತು. ಅಲ್ಲಿ ಕಾಗದ ಬರೆಯೋದು ಎಂದೋ ಕುಸಿದಿತ್ತು, ನಿಜ. ಆದರೆ ಅಲ್ಲಿನವರ ಬದುಕು ಪೂರ್ತಿ ಡಿಜಿಟಲ್. ಆಂಧ್ರದ ಗಡಿಯೊಳಗೆ ಚಾಚಿಕೊಂಡ ಪಾವಗಡದ ಹಳ್ಳಿಗೂ ಕೋಪನ್‌ಹೇಗನ್ನಿಗೂ ಒಂದೇ ಅಳತೆ ಹಿಡಿಯೋಕಾಗಲ್ಲ.

[ನಿರೂಪಕಿ, ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ ಮುಂದೆ]

ಸರಿ, ನಾವೇನು ಮಾಡಬಹುದು? ಮೊದಲು ತಿಳಿಯಬೇಕಾದ್ದು, ಅಂಚೆ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 31ನೇ ವಿಷಯ. ಶಾಸಕರ ಮನೆಗೆ ಹೋದರೆ ಮರ್ಯಾದೆಯಾಗಿ ಮಾತಾಡಿಸಿ ಕಳಿಸ್ತಾರೆ, ವಿಧಾನಸೌಧದಲ್ಲಿ ಇದಕ್ಕೆ ಕಾನೂನು ಮಾಡೋಕೆ ಆಗಲ್ಲ. ಹೋಗಬೇಕಾದ್ದು ಸಂಸದರ ಹತ್ತಿರ.

ನಿಮ್ಮ ಸಂಸದರು ಯಾರು? ಇಲ್ಲಿ ತುಂಬಾ ಜನ ಎಡವುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿವೆ, ಲೋಕಸಭೆಗೆ ಮಾತ್ರ ಕೋಲಾರ ಕ್ಷೇತ್ರ. ಅಂದರೆ ನಿಮ್ಮ ಸಂಸದರು 2024ರಲ್ಲಿ ಗೆದ್ದ ಎಂ. ಮಲ್ಲೇಶ್ ಬಾಬು. ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರದವರಿಗೆ ಡಾ. ಕೆ. ಸುಧಾಕರ್. ತುಮಕೂರು ಜಿಲ್ಲೆಯಲ್ಲಿ ಶಿರಾ ಮತ್ತು ಪಾವಗಡ ಚಿತ್ರದುರ್ಗ ಕ್ಷೇತ್ರಕ್ಕೆ ಸೇರುತ್ತವೆ, ಅಲ್ಲಿ ಗೋವಿಂದ ಕಾರಜೋಳ. ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ, ಅಲ್ಲಿ ಡಾ. ಸಿ.ಎನ್. ಮಂಜುನಾಥ್. ಜಿಲ್ಲೆಯ ಉಳಿದ ತಾಲ್ಲೂಕುಗಳಿಗೆ ವಿ. ಸೋಮಣ್ಣ.

[ತೆರೆಯ ಮೇಲೆ: ತಾಲ್ಲೂಕುವಾರು ಭೂಪಟ]

ಸೋಮಣ್ಣನವರು ಕೇಂದ್ರದಲ್ಲಿ ರಾಜ್ಯ ಸಚಿವರು. ಸಚಿವರು ಸದನದಲ್ಲಿ ಪ್ರಶ್ನೆ ಕೇಳುವ ಪದ್ಧತಿ ಇಲ್ಲ. ಆದ್ದರಿಂದ ತುಮಕೂರಿನವರು ಅವರಿಗೆ ಬರೆಯುವಾಗ, ಅಂಚೆ ನೋಡಿಕೊಳ್ಳುವ ಸಂಪರ್ಕ ಸಚಿವರಿಗೆ ತಮ್ಮ ಪತ್ರದ ಜೊತೆ ಕಳಿಸಿಕೊಡಿ ಅಂತ ಕೇಳಿ. ಪ್ರಶ್ನೆಗೆ ಕರ್ನಾಟಕದ ರಾಜ್ಯಸಭಾ ಸದಸ್ಯರಲ್ಲಿ ಒಬ್ಬರನ್ನು ಹಿಡಿಯಿರಿ. ರಾಜ್ಯಕ್ಕೆ ಹನ್ನೆರಡು ಜನ ಇದ್ದಾರೆ.

ಬರೀ "ಅಂಚೆ ಉಳಿಸಿ" ಅಂತ ಬರೆದರೆ ಅದಕ್ಕೆ "ಪರಿಶೀಲಿಸಲಾಗುವುದು" ಅನ್ನುವ ಉತ್ತರ ಬರುತ್ತೆ. ಲಿಖಿತ ಉತ್ತರದ ಪ್ರಶ್ನೆ ಹಾಕಿಸಿ: ನಮ್ಮ ಜಿಲ್ಲೆಯಲ್ಲಿ ಎಷ್ಟು ಬ್ರಾಂಚ್ ಪೋಸ್ಟ್ ಆಫೀಸಿನ ಹುದ್ದೆ ಖಾಲಿ ಇವೆ, ಎಷ್ಟು ಕಡೆ ಒಬ್ಬರೇ ಎರಡು ಕಚೇರಿ ನೋಡ್ತಿದ್ದಾರೆ, ಕಳೆದ ಐದು ವರ್ಷದಲ್ಲಿ ಎಷ್ಟನ್ನು ಮುಚ್ಚಿದ್ದೀರಿ ಅಥವಾ ವಿಲೀನ ಮಾಡಿದ್ದೀರಿ? ಲೋಕಸಭೆಯಲ್ಲಿ ದಿನಕ್ಕೆ ಇಂಥ 230 ಪ್ರಶ್ನೆಗೆ ಜಾಗ ಇರುತ್ತೆ, ಚೀಟಿ ಎತ್ತಿ ಆರಿಸ್ತಾರೆ. ಕನಿಷ್ಠ ಹದಿನೈದು ದಿನ ಮುಂಚೆ ನೋಟಿಸು ಕೊಡಬೇಕು. ಸಚಿವರು ಸದನಕ್ಕೆ ಕೊಟ್ಟ ಅಂಕಿ ದಾಖಲೆಯಲ್ಲಿ ಉಳಿಯುತ್ತೆ, ಮುಂದಿನ ಪತ್ರಕ್ಕೆ ಅದೇ ಅಡಿಪಾಯ.

ಕಾಯ್ದೆಯ ತಿದ್ದುಪಡಿಗೆ ಬಂದರೆ, ನನಗೆ ಎಲ್ಲಕ್ಕಿಂತ ದೊಡ್ಡದು ದೂರ ಮತ್ತು ಬಟವಾಡೆಯ ದಿನಗಳನ್ನು ಕಾಯ್ದೆಯಲ್ಲೇ ಬರೆಸೋದು. ಅದರ ಜೊತೆಗೆ, ಗ್ರಾಮಸಭೆಯ ಅಭಿಪ್ರಾಯ ಕೇಳದೆ ಅಂಚೆ ಕಚೇರಿ ಮುಚ್ಚಬಾರದು, ಜಿಡಿಎಸ್‌ಗಳ ವೇತನ ವೇತನ ಆಯೋಗದ ವ್ಯಾಪ್ತಿಗೆ ಬರಬೇಕು. ಖಾಸಗಿ ಸದಸ್ಯರ ಮಸೂದೆ, ಅಂದರೆ ಸಚಿವರಲ್ಲದ ಸದಸ್ಯರು ತರುವ ಮಸೂದೆ, ಮಂಡಿಸಿ ಅಂತ ಕೇಳಬಹುದು, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಅಂಥ ಮಸೂದೆ ಕೊನೆಯ ಸಲ ಕಾಯ್ದೆ ಆಗಿದ್ದು 1970ರಲ್ಲಿ. ಅದಕ್ಕಿಂತ ಸಂಸದರು ಲೋಕಸಭೆಯ 377ನೇ ನಿಯಮದಡಿ ವಿಷಯ ಎತ್ತೋದು, ಸಂಪರ್ಕ ಮತ್ತು ಮಾಹಿತಿ ತಂತ್ರಜ್ಞಾನ ಸ್ಥಾಯಿ ಸಮಿತಿಗೆ ಮನವಿ ಹೋಗೋದು ಹೆಚ್ಚು ಉಪಯೋಗ. ಅಂಚೆ ಇಲಾಖೆಗೆ ಎಷ್ಟು ಹಣ, ಯಾಕೆ ಅಂತ ಪ್ರತಿ ವರ್ಷ ಬಜೆಟ್ ಹೊತ್ತಲ್ಲಿ ಆ ಸಮಿತಿ ಕೂತು ಪ್ರಶ್ನೆ ಮಾಡುತ್ತೆ.

[ನಿರೂಪಕಿ, ಹತ್ತಿರದ ದೃಶ್ಯ]

ಇದೆಲ್ಲ ನಾವ್ಯಾಕೆ ಮಾಡಬೇಕು, ಅಂಚೆಯವರೇ ಕೇಳಿಕೊಳ್ಳಲಿ ಅಂತ ಕಾಮೆಂಟಿನಲ್ಲಿ ಬರೀತೀರಿ. ಸಂಘಗಳು ಕೇಳ್ತಿವೆ. ಆದರೆ ಒಬ್ಬೊಬ್ಬ ಸೇವಕ, ಸೇವಕಿ ತಮ್ಮ ಕೆಲಸದ ವಿಷಯಕ್ಕೆ ರಾಜಕೀಯದವರಿಂದ ಒತ್ತಡ ತರಿಸಿದರೆ ಅದು ನಡತೆ ನಿಯಮದ ಉಲ್ಲಂಘನೆ, ಶಿಸ್ತುಕ್ರಮ ಆಗಬಹುದು. ನಿಮ್ಮೂರಿನ ಪೋಸ್ಟ್‌ಮಾಸ್ಟರ್ ಹೆಸರನ್ನು ಪತ್ರದಲ್ಲಿ ಬರೆಯಲೇಬೇಡಿ, ಅವರ ಹತ್ತಿರ ಸಹಿಯನ್ನೂ ಕೇಳಬೇಡಿ. ಪಾಸ್‌ಬುಕ್ ಇಟ್ಟುಕೊಂಡ ನಮಗೆ, ಪಿಂಚಣಿ ತೆಗೆದುಕೊಳ್ಳುವ ಹಿರಿಯರಿಗೆ, ಸುಕನ್ಯಾ ಕಟ್ಟುವ ತಾಯಂದಿರಿಗೆ ಆ ಕಟ್ಟು ಇಲ್ಲ.

ಸಂಸದರಿಗೆ ಕನ್ನಡದಲ್ಲೇ ಬರೆಯಿರಿ. ಲೋಕಸಭೆಗೇ ಅರ್ಜಿ ಹಾಕೋದಾದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಲಗತ್ತಿಸಿ, ಅದಕ್ಕೂ ಸಹಿ ಮಾಡಬೇಕು. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿದರೆ ಅದರ ನಕಲು ಜೊತೆಗಿರಲಿ, ಒಂದು ಪ್ರತಿ ಬೆಂಗಳೂರಿನ ಚೀಫ್ ಪೋಸ್ಟ್‌ಮಾಸ್ಟರ್ ಜನರಲ್ ಕಚೇರಿಗೂ ಹೋಗಲಿ. ಬಜೆಟ್ ಅಧಿವೇಶನ ಶುರುವಾಗೋದು ಜನವರಿ ಕೊನೆಗೆ. ಪತ್ರ ಅದಕ್ಕೆ ಮುಂಚೆ, ಸಂಕ್ರಾಂತಿ ಹೊತ್ತಿಗೆ ಸಂಸದರ ಕಚೇರಿಯಲ್ಲಿ ಇರಬೇಕು. ಪತ್ರದ ಮಾದರಿ, ನಾಲ್ಕೂ ಕ್ಷೇತ್ರಗಳ ಜೊತೆ ತುಮಕೂರಿನದೂ ಸೇರಿಸಿ, ವಿಡಿಯೋ ಕೆಳಗೆ ಹಾಕಿದ್ದೀವಿ. ಊರಿನ ಹೆಸರು, ಪಿನ್ ಕೋಡು, ನಿಮಗೆ ಹತ್ತಿರದ ಅಂಚೆ ಕಚೇರಿ ಎಷ್ಟು ದೂರ ಅನ್ನೋದನ್ನು ನೀವೇ ತುಂಬಿ.